22 ಅಡಿ ಕಿಟಕಿ, ನಡುವೆ ಕಂಬ ಇಲ್ಲ

ನಮ್ಮ ಮನೆಯ ಮೊದಲ ಮಹಡಿಯ ಹಾಲ್‌ಗೆ ದಕ್ಷಿಣದಲ್ಲಿ ಒಂದೇ ಒಂದು ಕಿಟಕಿ. 22 ಅಡಿ ಉದ್ದ, 4 ಅಡಿ ಎತ್ತರ. ಈ ಗೋಡೆಯಿಂದ ಆ ಗೋಡೆಯವರೆಗೆ ಪೂರ್ತಿ. ಮನೆ ನೋಡಲು ಬಂದವರು ಮೊದಲು ಕೇಳುವುದು, ಗಾಜಿಗೆ ಎಷ್ಟಾಯಿತು ಅಂತ. ಗಾಜಿಗೆ ಅಂಥ ಖರ್ಚೇನೂ ಆಗಲಿಲ್ಲ. ದುಡ್ಡು, ತಲೆನೋವು ಎರಡೂ ಹೋಗಿದ್ದು ಕಾಲಂ, ಕಂಬಿ, ಸಜ್ಜಾ ಮತ್ತು ಮಳೆನೀರಿಗೆ. ಇಂಥ ಕಿಟಕಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ಇಂಜಿನಿಯರ್ ಹತ್ತಿರ ಹೋಗುವವರು ಈಗ ಜಾಸ್ತಿಯಾಗಿದ್ದಾರೆ. ಅವರಿಗೆ ಉಪಯೋಗವಾದೀತು ಅಂತ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ.

ಸೈಟು ಮೈಸೂರಿನಲ್ಲಿ, 40–60. ರಸ್ತೆ ಉತ್ತರಕ್ಕೆ. ಹಿಂದುಗಡೆ, ದಕ್ಷಿಣಕ್ಕೆ, ಬಡಾವಣೆಯ ಪಾರ್ಕು. ಪಾರ್ಕಿನ ಆಚೆ ಒಂದಷ್ಟು ಮನೆಗಳು. ಅವುಗಳ ಮೇಲೆ ಚಾಮುಂಡಿ ಬೆಟ್ಟ. ಬೆಟ್ಟ ಕಾಣುತ್ತೆ ಅಂತಲೇ ಆ ಸೈಟು ತಗೊಂಡಿದ್ದು. ಕೆಳಗೆ ಕಾರು ಮತ್ತು ಒಂದು ಬಾಡಿಗೆ ಮನೆ, ಮೇಲೆ ನಾವು ಅಂತ ಮೊದಲೇ ತೀರ್ಮಾನವಾಗಿತ್ತು.

ಬೆಟ್ಟ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರ. ಆದರೆ ಊರೇ 770 ಮೀಟರಿನ ಆಸುಪಾಸಿನಲ್ಲಿದೆ. ಊರಿನ ನೆಲದಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 300 ಮೀಟರ್ ಏರು, ಅಷ್ಟೇ. ನಾಲ್ಕು ಕಿಲೋಮೀಟರ್ ದೂರದಿಂದ ಅದು ಎತ್ತರಕ್ಕೆ ಕಾಣುವುದೇ ಇಲ್ಲ, ಉದ್ದಕ್ಕೆ ಕಾಣುತ್ತೆ. ಅದಕ್ಕೆ 4 ಅಡಿ ಅಗಲದ ಮಾಮೂಲಿ ಕಿಟಕಿ ಇಟ್ಟರೆ ಬೆಟ್ಟದ ಒಂದು ತುಂಡು ಸಿಗುತ್ತೆ. ಉಳಿದ ಗಾಜಿನ ತುಂಬ ಬರೀ ಆಕಾಶ. ಅಡ್ಡಕ್ಕೆ ಇರುವುದನ್ನು ನೋಡಲು ಅಡ್ಡ ಕಿಟಕಿಯೇ ಬೇಕು ಅನ್ನುವುದು ಸೈಟಿನಲ್ಲಿ ನಿಂತು ನೋಡಿದರೆ ಯಾರಿಗಾದರೂ ಹೊಳೆಯುವ ಮಾತು.

ನಮ್ಮ ಆರ್ಕಿಟೆಕ್ಟ್ ನನಗಿಂತ ಚಿಕ್ಕವರು, ಮಾತು ಕಡಿಮೆ. ನಾನು ಬೆಟ್ಟದ ವಿಷಯ ಹೇಳಿದ ಕೂಡಲೇ ಲ್ಯಾಪ್‌ಟಾಪಿನಲ್ಲಿ ಒಂದು ಪುಟ್ಟ ಮನೆ ತೋರಿಸಿದರು. ಸ್ವಿಟ್ಜರ್ಲೆಂಡಿನಲ್ಲಿ, ಜಿನೀವಾ ಸರೋವರದ ದಡದಲ್ಲಿದೆ. ಲೆ ಕಾರ್ಬುಸಿಯೆ ತನ್ನ ತಂದೆತಾಯಿಗೆ ಅಂತ 1923–24ರಲ್ಲಿ ಕಟ್ಟಿದ್ದು. ಚಂಡೀಗಢದ ನಕ್ಷೆ ಮಾಡಿದ ಆರ್ಕಿಟೆಕ್ಟ್ ಅವರೇ. ಮನೆ ಒಟ್ಟು 64 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಏಳು ಚದರವೂ ಇಲ್ಲ. ಆದರೆ ಸರೋವರದ ಕಡೆಗೆ 11 ಮೀಟರ್ ಉದ್ದದ ಒಂದೇ ಕಿಟಕಿ. ಆ ಕಡೆಯ ಗೋಡೆಯ ಬಹುಭಾಗ ಕಿಟಕಿಯೇ. ಆಚೆ ನೀರು, ನೀರಿನಾಚೆ ಆಲ್ಪ್ಸ್. ಅಲ್ಲಿಯೂ ನೋಡಬೇಕಾದದ್ದೆಲ್ಲ ಅಡ್ಡಕ್ಕೇ ಇತ್ತು. ಅವರ ತಾಯಿ 1960ರವರೆಗೂ, ನೂರರ ಹತ್ತಿರ ಬರುವವರೆಗೂ, ಬದುಕಿದ್ದರು. ಈ ಮಾತು ನಮ್ಮಮ್ಮನಿಗೆ ಹಿಡಿಸಿತು. ಕಿಟಕಿ ಹಿಡಿಸಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಅಷ್ಟು ಉದ್ದದ ಕಿಟಕಿ ಮೊದಲು ಯಾಕಿರಲಿಲ್ಲ? ಗೋಡೆಯೇ ಭಾರ ಹೊರುತ್ತಿತ್ತಲ್ಲ, ಅದಕ್ಕೆ. ನಮ್ಮಜ್ಜನ ತೊಟ್ಟಿ ಮನೆಯ ಗೋಡೆ ಒಂದೂವರೆ ಅಡಿ ದಪ್ಪ. ಬೀದಿ ಕಡೆ ಸರಳು ಹಾಕಿದ ಸಣ್ಣ ಕಿಟಕಿಗಳು, ಬೆಳಕೆಲ್ಲ ತೊಟ್ಟಿಯಿಂದ. ಗೋಡೆಯಲ್ಲಿ ಅಗಲವಾಗಿ ಬಾಯಿ ತೆಗೆದರೆ ಮೇಲಿನ ಭಾರ ಹೊರುವವರು ಯಾರು? ಯುರೋಪಿನಲ್ಲೂ ಕಲ್ಲು-ಇಟ್ಟಿಗೆ ಮನೆಗಳಿಗೆ ಇದೇ ಕಟ್ಟು. ಅಗಲ ಕಡಿಮೆ, ಎತ್ತರ ಜಾಸ್ತಿ. ಕಾಂಕ್ರೀಟಿನ ಕಾಲಂ ಮತ್ತು ಸ್ಲ್ಯಾಬ್ ಬಂದ ಮೇಲೆ ಗೋಡೆಯ ಹೆಗಲ ಮೇಲಿನ ಭಾರ ಇಳಿಯಿತು. 1914ರಲ್ಲೇ ಕಾರ್ಬುಸಿಯೆ ಬರೀ ಸ್ಲ್ಯಾಬು, ಕಾಲಂ, ಮೆಟ್ಟಿಲು ಇರುವ ಒಂದು ಚೌಕಟ್ಟಿನ ಚಿತ್ರ ಬರೆದಿದ್ದರು. ಅದರಲ್ಲಿ ಉದ್ದ ಬದಿಯಲ್ಲಿ ಕಾಲಂಗಳು ಸ್ಲ್ಯಾಬಿನ ಅಂಚಿನಲ್ಲಿಲ್ಲ, ಸ್ವಲ್ಪ ಒಳಗಿವೆ. ಆ ಚಿತ್ರವನ್ನು ನಾನು ಮುಂಚೆಯೂ ನೋಡಿದ್ದೆ. ಕಾಲಂ ಒಳಗಿದ್ದದ್ದನ್ನು ಗಮನಿಸಿರಲಿಲ್ಲ. ನಮ್ಮ ಮನೆಯ ಅರ್ಧ ಕಥೆ ಅಲ್ಲೇ ಇತ್ತು.

1927ರಲ್ಲಿ ಅವರು ಹೊಸ ಕಟ್ಟಡಕ್ಕೆ ಐದು ಸೂತ್ರ ಅಂತ ಪ್ರಕಟಿಸಿದರು. ಕಂಬದ ಮೇಲೆ ಮನೆ, ತಾರಸಿ ತೋಟ, ಬೇಕಾದ ಹಾಗೆ ಒಳಗೋಡೆ, ಉದ್ದ ಕಿಟಕಿ, ಭಾರ ಹೊರದ ಮುಂಗೋಡೆ. ಪ್ಯಾರಿಸ್ ಹತ್ತಿರದ ಪ್ವಾಸಿಯಲ್ಲಿ ಅವರು ಕಟ್ಟಿದ ಸವೊಯ್ ಮನೆಯಲ್ಲಿ ಐದೂ ಒಟ್ಟಿಗೆ ಇವೆ. ಅಲ್ಲಿ ಕಿಟಕಿ ಮನೆಯ ನಾಲ್ಕೂ ಕಡೆ ಪಟ್ಟಿಯ ಹಾಗೆ ಸುತ್ತುತ್ತೆ. ಐದು ಸೂತ್ರಗಳನ್ನು ಬೇರೆ ಬೇರೆಯಾಗಿ ಓದಬಾರದು ಅಂತ ನಮ್ಮ ಆರ್ಕಿಟೆಕ್ಟ್ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. "ಕಾಲಂ ಎಲ್ಲಿ ಬರುತ್ತೆ ಅಂತ ಮೊದಲು ನೋಡೋಣ ಮೇಡಂ. ಕಿಟಕಿ ತಾನಾಗೇ ಬರುತ್ತೆ."

ಕಂಟ್ರಾಕ್ಟರು ಮಾಮೂಲಿ ಪ್ರಕಾರ ಹಾಕಿಕೊಟ್ಟ ನಕ್ಷೆಯಲ್ಲಿ ಕಾಲಂಗಳೆಲ್ಲ ಹೊರಗೋಡೆಯ ಗೆರೆಯಲ್ಲೇ ಇದ್ದವು. 11 ಅಡಿಗೊಂದು. ನಮ್ಮ ಕಿಟಕಿಯ ಸರಿಯಾಗಿ ನಡುಮಧ್ಯೆ ಒಂದು. "ಎರಡು ಕಿಟಕಿ ಮಾಡ್ಕೊಳಿ ಮೇಡಂ, ಮಧ್ಯೆ ಒಂದಡಿ ಪಿಲ್ಲರ್ ಇದ್ರೆ ಏನಾಯ್ತು, ದೇವರ ಫೋಟೋ ಹಾಕ್ಬೋದು" ಅಂದರು ಮೇಸ್ತ್ರಿ. ಅವರಿಗೆ ನಮ್ಮ ಕಿಟಕಿ ಮೊದಲಿಂದ ಕೊನೇತನಕ ರೈಲು ಕಿಟಕಿಯೇ. ಇನ್ನೊಂದು ದಾರಿ, ನಡುವಿನ ಕಾಲಂ ತೆಗೆದು 22 ಅಡಿಗೆ ಒಂದೇ ದಪ್ಪ ಬೀಮ್ ಹಾಕುವುದು. ಅದೂ ಆಗುತ್ತೆ. ಕಂಬಿ ಜಾಸ್ತಿ ತಿನ್ನುತ್ತೆ, ಬೀಮ್ ಕೆಳಗೆ ಇಳಿಯುತ್ತೆ.

ಇಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ಬಂದರು. ಅರವತ್ತು ದಾಟಿದವರು, ಕೈಯಲ್ಲಿ ಯಾವಾಗಲೂ ಪೆನ್ಸಿಲ್. ಅವರು ಕಿಟಕಿಯ ಉದ್ದದ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಕಿಟಕಿಯ ಕೆಳಗಿನ ಗೋಡೆ ಕಾಲಂಗೆ ಅಂಟಿಕೊಳ್ಳುತ್ತಾ ಅಂತ ಕೇಳಿದರು. ಯಾಕೆ ಅಂತ ವಿವರಿಸಿದ್ದು ಹೀಗೆ. ಭೂಮಿ ಅಲುಗಾಡಿದಾಗ ಕಾಲಂ ತನ್ನ ಪೂರ್ತಿ ಉದ್ದಕ್ಕೆ ಸ್ವಲ್ಪ ಬಾಗಿ ತಡೆದುಕೊಳ್ಳುತ್ತೆ. ಎರಡು ಕಾಲಂ ನಡುವೆ ಅರ್ಧ ಎತ್ತರದವರೆಗೆ ಗೋಡೆ ಕಟ್ಟಿ ಮೇಲೆ ಉದ್ದಕ್ಕೆ ಕಿಟಕಿ ಬಿಟ್ಟರೆ, ಕಾಲಂನ ಕೆಳಭಾಗವನ್ನು ಗೋಡೆ ಬಿಗಿಯಾಗಿ ಹಿಡಿದಿರುತ್ತೆ. ಬಾಗಲು ಕಿಟಕಿಯ ಎದುರಿನ ತುಂಡು ಮಾತ್ರ ಉಳಿಯುತ್ತೆ. ಉದ್ದ ಅರ್ಧವಾದರೆ ಬಿಗಿತ ಎಂಟು ಪಟ್ಟು. ಬಿಗಿ ಜಾಸ್ತಿ ಇರುವ ಕಡೆಗೇ ಬಲವೂ ಜಾಸ್ತಿ ಬರುತ್ತೆ. ಕೊನೆಗೆ ಆ ತುಂಡು ಇಂಟು ಗುರುತಿನ ಆಕಾರಕ್ಕೆ ಸೀಳುತ್ತೆ. ಇದಕ್ಕೆ ಶಾರ್ಟ್ ಕಾಲಂ ತೊಂದರೆ ಅನ್ನುತ್ತಾರೆ. 2001ರ ಭುಜ್ ಭೂಕಂಪದಲ್ಲಿ ಹೀಗೆ ಒಡೆದ ಕಾಲಂಗಳ ಫೋಟೋ ಅವರ ಹತ್ತಿರ ಇತ್ತು. ಶಾಲೆಗಳ ಸಾಲು ಕಿಟಕಿ, ಆಫೀಸುಗಳ ಸಾಲು ಕಿಟಕಿ, ಎಲ್ಲದರಲ್ಲೂ ಈ ಅಪಾಯ ಇದೆಯಂತೆ.

"ಮೈಸೂರು ಭೂಕಂಪದ ವಲಯ ಎರಡರಲ್ಲಿದೆ ಅಲ್ವಾ ಸಾರ್, ಕಡಿಮೆ ಅಪಾಯ ಅಂತಾರಲ್ಲ?" ಅಂದೆ.

"ಕಡಿಮೆ ಅಂದ್ರೆ ಇಲ್ಲ ಅಂತಲ್ಲಮ್ಮ. ಸುಮ್ನೆ ಕಾಲಂನ ಎರಡಡಿ ಒಳಗೆ ಎಳೀರಿ. ಗೋಡೆಗೂ ಕಾಲಂಗೂ ಸಂಬಂಧವೇ ಇರಲ್ಲ. ನಿಮ್ಮ ಕಿಟಕಿಯೂ ತುಂಡಾಗಲ್ಲ."

ಅಲ್ಲಿಗೆ ಕಾಲಂ ಗೋಡೆಯಿಂದ ಎರಡಡಿ ಒಳಗೆ ಬಂತು. ಮೂರರ ಜಾಗದಲ್ಲಿ ಎರಡೇ. ಎರಡು ಬದಿಯ ಗೋಡೆಯಿಂದ ಐದೈದು ಅಡಿ ಬಿಟ್ಟು, ನಡುವೆ 12 ಅಡಿ. ಕಾಲಂನಿಂದ ಆಚೆಗೆ ಬೀಮು, ಸ್ಲ್ಯಾಬು ಎರಡೂ ಆಸರೆಯಿಲ್ಲದೆ ಹೊರಚಾಚುತ್ತವೆ. ಆ ಸ್ಲ್ಯಾಬಿನ ಅಂಚಿನ ಮೇಲೆ ನಾಲ್ಕಿಂಚು ಬ್ಲಾಕಿನ ಎರಡಡಿ ಗೋಡೆ, ಅದರ ಮೇಲೆ ಕಿಟಕಿ. ಮೇಲಿನ ಸ್ಲ್ಯಾಬಿನಿಂದ ಮೂರೂವರೆ ಅಡಿ ಕೆಳಗಿಳಿದ ತೆಳುವಾದ ಕಾಂಕ್ರೀಟ್ ಅಂಚು ಕಿಟಕಿಯ ತಲೆಯವರೆಗೆ ಬರುತ್ತೆ.

ಹಾಲ್‌ನಲ್ಲಿ ಎರಡು ದುಂಡನೆ ಕಂಬ ಬರುತ್ತೆ ಅಂದಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಸೋಫಾ ಎಲ್ಲಿ ಹಾಕ್ತೀಯ, ಮಕ್ಕಳು ಓಡುವಾಗ ಹಣೆ ಬಡಿಸಿಕೊಳ್ಳಲ್ವಾ, ಇತ್ಯಾದಿ. ತೊಟ್ಟಿ ಮನೆಯಲ್ಲಿ ಕಂಬ ಇದ್ದರೆ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಹಾಲ್‌ನಲ್ಲಿ ಕಂಬ ಇದ್ದರೆ ಅಡ್ಡ! ನಾನು ವಾದ ಮಾಡಲಿಲ್ಲ. ಈಗ ನೆಂಟರು ಬಂದಾಗ ಇಬ್ಬರಾದರೂ ಆ ಕಂಬಗಳಿಗೇ ಒರಗಿ ಕೂತಿರುತ್ತಾರೆ.

ಇನ್ನು ಅಮ್ಮ. ಅಮ್ಮನಿಗೆ ಬೆಟ್ಟದ ಮೇಲೆ ಭಕ್ತಿ ಇದೆ, ಬೆಟ್ಟ ನೋಡುತ್ತಾ ಕೂರುವ ಆಸೆ ಇಲ್ಲ. ಅವಳಿಗೆ ಪಾರ್ಕಿನಲ್ಲಿ ಯಾರು ವಾಕಿಂಗ್ ಹೋಗುತ್ತಿದ್ದಾರೆ ಅನ್ನುವುದು ಕಾಣಬೇಕು. ಅದೂ ನೆಲದ ಮೇಲೆ ಸೊಪ್ಪು ಬಿಡಿಸುತ್ತಾ ಕೂತಲ್ಲಿಂದ. "ನಿನ್ನ ಕಿಟಕೀಲಿ ಮೇಲೂ ಇಲ್ಲ ಕೆಳಗೂ ಇಲ್ಲ ಕಣೇ, ಬರೀ ಮಧ್ಯ" ಅಂದಳು.

ಇದನ್ನು ಕೇಳಿ ಆರ್ಕಿಟೆಕ್ಟ್ ನಕ್ಕರು. ನೂರು ವರ್ಷದ ಹಿಂದೆ ಪ್ಯಾರಿಸ್‌ನಲ್ಲಿ ಇದೇ ಜಗಳ ನಡೆದಿತ್ತಂತೆ. ಓಗ್ಯುಸ್ತ್ ಪೆರೆ ಕಾಂಕ್ರೀಟ್ ಕಟ್ಟಡಗಳಲ್ಲಿ ದೊಡ್ಡ ಹೆಸರು. ಕಾರ್ಬುಸಿಯೆ ಹುಡುಗನಾಗಿದ್ದಾಗ ಅವರ ಆಫೀಸಿನಲ್ಲೇ ಕೆಲಸ ಮಾಡಿದ್ದರು. ಅಡ್ಡ ಕಿಟಕಿಯನ್ನು ಪೆರೆ ಒಪ್ಪಲೇ ಇಲ್ಲ. ಮನುಷ್ಯ ನೆಟ್ಟಗೆ ನಿಲ್ಲುತ್ತಾನೆ, ಕಿಟಕಿಯೂ ನೆಟ್ಟಗೇ ಇರಬೇಕು ಅನ್ನುವುದು ಅವರ ವಾದ. ಉದ್ದನೆಯ ಬಾಗಿಲಿನಂಥ ಕಿಟಕಿಯಲ್ಲಿ ಹತ್ತಿರದ ಬೀದಿ, ನಡುವಿನ ಮರ, ಮೇಲಿನ ಆಕಾಶ ಮೂರೂ ಸಿಗುತ್ತೆ. ಅಡ್ಡ ಕಿಟಕಿ ಕೆಳಗಿನದನ್ನೂ ಮೇಲಿನದನ್ನೂ ಕತ್ತರಿಸಿಬಿಡುತ್ತೆ. ಕಾರ್ಬುಸಿಯೆ ಇದಕ್ಕೆ ಬೆಳಕಿನ ಲೆಕ್ಕದಲ್ಲಿ ಉತ್ತರ ಕೊಟ್ಟರು. ಫೋಟೋಗ್ರಾಫರುಗಳು ಎಕ್ಸ್‌ಪೋಷರ್‌ಗೆ ಬಳಸುವ ಪಟ್ಟಿಯನ್ನೇ ಮುಂದಿಟ್ಟು, ಅಷ್ಟೇ ಗಾಜು ಅಡ್ಡಕ್ಕೆ ಇದ್ದರೆ ಕೋಣೆಗೆ ಬೆಳಕು ಜಾಸ್ತಿ ಅಂದರು.

ನಮ್ಮಮ್ಮ ಪೆರೆಯ ಕಡೆ. ನನ್ನನ್ನು ಕೇಳಿದರೆ ಪೆರೆ ಹೇಳಿದ್ದರಲ್ಲಿ ಅರ್ಧ ಸರಿ. ಅದಕ್ಕೇ ಕಿಟಕಿಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ತುಂಬ ಹೊತ್ತು ಕೊಟ್ಟೆವು. ಮಾಮೂಲಿ ಮನೆಯಲ್ಲಿ ಲಿಂಟಲ್, ಅಂದರೆ ಕಿಟಕಿಯ ಮೇಲಿನ ತೊಲೆ, 7 ಅಡಿಗೆ; ಸಿಲ್, ಅಂದರೆ ಕಿಟಕಿಯ ಕೆಳ ಅಂಚು, 3 ಅಡಿಗೆ. ಮೇಸ್ತ್ರಿ ಕಣ್ಣುಮುಚ್ಚಿ ಇದನ್ನೇ ಮಾಡುತ್ತಾರೆ. ಆದರೆ ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ನಾಲ್ಕಡಿಯ ಆಸುಪಾಸಿನಲ್ಲಿರುತ್ತೆ. ನೆಲದ ಮೇಲೆ ಕೂತವರದ್ದು ಎರಡೂವರೆ ಅಡಿ. ಸಿಲ್ 3 ಅಡಿಗೆ ಇದ್ದರೆ ನೆಲದ ಮೇಲೆ ಕೂತವರಿಗೆ ಗೋಡೆಯೇ ಗತಿ. ಆಗ ನಾವಿದ್ದ ಬಾಡಿಗೆ ಮನೆಯ ಗೋಡೆಗೆ ಪೇಪರ್ ಅಂಟಿಸಿ, ಅಮ್ಮನನ್ನು ಚಾಪೆ ಮೇಲೆ ಕೂರಿಸಿ ಅಳತೆ ಮಾಡಿದೆವು. ಕೊನೆಗೆ ಸಿಲ್ 2 ಅಡಿಗೆ, ತಲೆ 6 ಅಡಿಗೆ ನಿಂತಿತು. ಅಮ್ಮ ಕಿಟಕಿಗೆ ಹತ್ತಿರ ಕೂತರೆ ಪಾರ್ಕಿನ ಆಚೆ ಬದಿಯ ದಾರಿ ಕಾಣುತ್ತೆ. ಆರಡಿ ಎತ್ತರದ ನನ್ನ ತಮ್ಮ ಹಾಲ್‌ನ ಹಿಂಭಾಗದಲ್ಲಿ ನಿಂತರೆ ಬೆಟ್ಟದ ನೆತ್ತಿ ಕತ್ತರಿಸುತ್ತೆ. ಅವನು ಕೂರಬೇಕು. ಎಲ್ಲರಿಗೂ ಸರಿಹೋಗುವ ಎತ್ತರ ಅಂತ ಇಲ್ಲ. ನಿಮ್ಮ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಅಂತ ನೋಡಿಕೊಂಡು ಇಡಬೇಕು.

ಮುಂದಿನದು ದೊಡ್ಡಪ್ಪನ ಆಕ್ಷೇಪ. ದಕ್ಷಿಣಕ್ಕೆ ಅಷ್ಟು ದೊಡ್ಡ ಕಿಟಕಿ ಇಡಬಾರದು, ಉತ್ತರ ತೆರೆದಿರಬೇಕು, ದಕ್ಷಿಣ ಮುಚ್ಚಿರಬೇಕು. ವಾಸ್ತುವಿಗೆ ನಾನು ಉತ್ತರ ಕೊಡಲಾರೆ. ಆದರೆ ದಕ್ಷಿಣದ ಬಿಸಿಲಿನ ಭಯಕ್ಕೆ ಲೆಕ್ಕ ಇದೆ. ಮೈಸೂರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡು ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಅಂದರೆ ಮೇ ತಿಂಗಳ ಬಿಸಿಲು ದಕ್ಷಿಣದ ಗಾಜಿಗೆ ನೇರವಾಗಿ ಬೀಳುವುದೇ ಇಲ್ಲ. ದಕ್ಷಿಣಕ್ಕೆ ತೀರಾ ವಾಲುವುದು ಡಿಸೆಂಬರ್‌ನಲ್ಲಿ. ಆಗಲೂ ಮಧ್ಯಾಹ್ನ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆ ಕೋನಕ್ಕೆ ಎರಡೂವರೆ ಅಡಿ ಸಜ್ಜಾ ಹಾಕಿದರೆ ಕೆಳಗೆ ಸುಮಾರು ಮೂರೂವರೆ ಅಡಿ ನೆರಳು ಸಿಗುತ್ತೆ. ನಮ್ಮ ಕಿಟಕಿ 4 ಅಡಿ. ಉಳಿದ ಅರ್ಧ ಅಡಿ ಬಿಸಿಲು ಚಳಿಗಾಲದಲ್ಲಿ ಬರಲಿ ಬಿಡಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇನ್ನೂ ಸ್ವಲ್ಪ ಜಾಸ್ತಿ ಬರುತ್ತೆ, ಅಮ್ಮ ಅಲ್ಲಿ ಕಾಲು ಚಾಚಿ ಕೂರುತ್ತಾಳೆ.

ಅಡ್ಡ ಕಿಟಕಿಯ ದೊಡ್ಡ ಅನುಕೂಲ ಇದೇ ಅಂತ ನನಗೆ ಅನ್ನಿಸುತ್ತೆ. ಯುರೋಪಿನವರು ಹೇಳಿದ ಬೆಳಕು, ನೋಟ ಎಲ್ಲ ಇರಲಿ, ನಮ್ಮ ಕಡೆ ಇದಕ್ಕೆ ನೆರಳು ಕೊಡುವುದು ಸುಲಭ. ಪೆರೆ ಹೇಳುವಂಥ ಏಳಡಿ ಎತ್ತರದ ಕಿಟಕಿಗೆ ಅದೇ ನೆರಳು ಬೇಕಂದರೆ ಸಜ್ಜಾ ಹತ್ತಿರ ಹತ್ತಿರ ಐದಡಿ ಚಾಚಬೇಕು. ಆದರೆ ಈ ಲೆಕ್ಕ ದಕ್ಷಿಣಕ್ಕೆ, ಉತ್ತರಕ್ಕೆ ಮಾತ್ರ. ಪಶ್ಚಿಮಕ್ಕೆ ಇಂಥ ಕಿಟಕಿ ಇಡಲೇಬೇಡಿ. ಸಂಜೆಯ ಸೂರ್ಯ ಕೆಳಗಿಂದ ನುಗ್ಗುತ್ತಾನೆ, ಯಾವ ಸಜ್ಜಾಕ್ಕೂ ಬಗ್ಗುವುದಿಲ್ಲ. ಕಾರ್ಬುಸಿಯೆಯೇ ನಮ್ಮ ದೇಶಕ್ಕೆ ಬಂದ ಮೇಲೆ ಬರೀ ಗಾಜಿನ ಪಟ್ಟಿ ಇಡಲಿಲ್ಲ. ಅಹಮದಾಬಾದಿನ ಗಿರಣಿ ಮಾಲೀಕರ ಸಂಘದ ಕಟ್ಟಡದಲ್ಲಿ ಪಶ್ಚಿಮಕ್ಕೆ ಓರೆಯಾಗಿ ಕಾಂಕ್ರೀಟ್ ಹಲಗೆಗಳನ್ನು ನಿಲ್ಲಿಸಿದರು. ಚಂಡೀಗಢದ ಸೆಕ್ರೆಟೇರಿಯಟ್ಟಿಗೂ ಬಿಸಿಲು ತಡೆಯುವ ಕಾಂಕ್ರೀಟ್ ಚೌಕಟ್ಟುಗಳಿವೆ.

ದೊಡ್ಡಪ್ಪ ಸಮಾಧಾನ ಆದದ್ದು ಈ ಲೆಕ್ಕದಿಂದಲ್ಲ. ಕಿಟಕಿಯ ತಲೆ 6 ಅಡಿಗೇ ನಿಂತರೆ ಅದರ ಮೇಲೆ ಮೂರೂವರೆ ಅಡಿ ಬಿಸಿ ಗಾಳಿ ಹೊರಗೆ ಹೋಗಲಾರದೆ ನಿಲ್ಲುತ್ತೆ. ಅದಕ್ಕೆ ಎದುರಿನ ಉತ್ತರ ಗೋಡೆಯಲ್ಲಿ, ಚಾವಣಿಗೆ ಹತ್ತಿಕೊಂಡಂತೆ, ಸಾಲಾಗಿ ವೆಂಟಿಲೇಟರ್ ಇಟ್ಟೆವು. ದಕ್ಷಿಣಕ್ಕೆ ಒಂದು ಕಿಟಕಿ, ಉತ್ತರಕ್ಕೆ ಆರು ಅಂತ ದೊಡ್ಡಪ್ಪ ಎಣಿಸಿಕೊಂಡರು. ಸಂಖ್ಯೆ ಸರಿಹೋಯಿತು.

ಮೋಲ್ಡ್ ಹಾಕಿದ, ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮಾಮೂಲಿ ಸ್ಲ್ಯಾಬಿನಲ್ಲಿ ಎರಡು ಆಸರೆಗಳ ನಡುವೆ ಮುಖ್ಯ ಕಂಬಿ ಕೆಳಗಿರುತ್ತೆ. ಹೊರಚಾಚಿದ ಸ್ಲ್ಯಾಬಿನಲ್ಲಿ ಉಲ್ಟಾ, ಮುಖ್ಯ ಕಂಬಿ ಮೇಲೆ. ಕಾಂಕ್ರೀಟ್ ಬಾಂಡಲಿ ಹೊತ್ತವರು ಆ ಕಂಬಿಯ ಮೇಲೇ ಓಡಾಡಿದರೆ ಅದು ಕೆಳಗೆ ಒತ್ತಿಹೋಗುತ್ತೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಆದರೆ ಚಾಚಿದ ಭಾಗ ಹೊರುವ ಶಕ್ತಿ ಹೋಗಿರುತ್ತೆ. ಇಂಜಿನಿಯರ್ ಬೆಳಿಗ್ಗೆಯೇ ಬಂದು, ಮೇಲಿನ ಕಂಬಿಗೆ ಕೆಳಗಿಂದ ಕಂಬಿಯದೇ ಕುರ್ಚಿಗಳನ್ನು ಕಟ್ಟಿಸಿ, ಓಡಾಡಲು ಹಲಗೆ ಹಾಸಿಸಿ, ಕೆಲಸ ಮುಗಿಯುವವರೆಗೂ ಅಂಚಿನಲ್ಲೇ ನಿಂತಿದ್ದರು. ಯಾರಾದರೂ ಹಲಗೆ ಬಿಟ್ಟು ಕಾಲಿಟ್ಟರೆ ಬೈಗುಳ. ಸೆಂಟ್ರಿಂಗ್ (ಕಾಂಕ್ರೀಟಿಗೆ ಕೆಳಗಿಂದ ಕೊಟ್ಟ ತಾತ್ಕಾಲಿಕ ಆಸರೆ) ಬಿಚ್ಚುವಾಗಲೂ ಅವರದ್ದೊಂದು ಕಟ್ಟುನಿಟ್ಟು: ಮೊದಲು ತುದಿಯ ಆಸರೆ, ಆಮೇಲೆ ಒಳಗಿನದು. ಮೊದಲು ಒಳಗಿನದನ್ನು ಕಿತ್ತರೆ ಸ್ಲ್ಯಾಬು ತುದಿಯ ಆಸರೆಯ ಮೇಲೆ ಕೂತುಬಿಡುತ್ತೆ, ಅದಕ್ಕೆ ಬೇಕಾದ ಕಂಬಿ ಕೆಳಗೆ ಇರುವುದೇ ಇಲ್ಲ.

ಮನೆ ಕಟ್ಟುವವರಿಗೆ ನಾನು ಹೇಳುವುದು ಇಷ್ಟು. ಉದ್ದ ಕಿಟಕಿ ಬೇಕಾದರೆ ಗಾಜಿನ ಅಂಗಡಿಗೆ ಮೂರು ಸಲ ಹೋಗುವ ಬದಲು, ಮೋಲ್ಡ್ ದಿನ ಇಂಜಿನಿಯರ್ ಸೈಟಿನಲ್ಲಿ ಇರುವ ಹಾಗೆ ನೋಡಿಕೊಳ್ಳಿ.

ಫ್ರೇಮಿನ ಕಥೆ ಬೇಗ ಹೇಳಿಬಿಡುತ್ತೇನೆ. ತೇಗದ ಆಸೆ ಇತ್ತು, 22 ಅಡಿಗೆ ಕೈಗೆಟುಕಲಿಲ್ಲ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಫ್ರೇಮಿನ ಪಟ್ಟಿಗಳು ದಪ್ಪ, ನೋಟಕ್ಕೆ ಅಡ್ಡ ಬರುತ್ತವೆ. ತೆಳು ಪಟ್ಟಿಯ ಅಲ್ಯುಮಿನಿಯಂ ತಗೊಂಡೆವು. ಒಂದೇ ತುಂಡಲ್ಲ, ಏಳೂ ಚಿಲ್ಲರೆ ಅಡಿಯ ಮೂರು ಭಾಗ ಜೋಡಿಸಿದ್ದು. ಪ್ರತಿ ಭಾಗದಲ್ಲೂ ಮೂರು ಟ್ರ್ಯಾಕ್. ಎರಡರಲ್ಲಿ ಗಾಜು, ಒಂದರಲ್ಲಿ ಸೊಳ್ಳೆ ಮೆಶ್. ಸರಿಸುವ ಕಿಟಕಿಯಲ್ಲಿ ಯಾವಾಗಲೂ ಅರ್ಧ ಮಾತ್ರ ತೆರೆಯುತ್ತೆ, ಇದನ್ನು ಗಾಳಿಯ ಲೆಕ್ಕದಲ್ಲಿ ಮರೆಯಬೇಡಿ. ಫ್ರೇಮಿನ ಮೇಲೆ, ಕಾಂಕ್ರೀಟಿಗೂ ಅದಕ್ಕೂ ನಡುವೆ, ಅರ್ಧ ಇಂಚಿನಷ್ಟು ಸಂದು ಬಿಟ್ಟು ಫೋಮ್ ಮತ್ತು ಸಿಲಿಕೋನ್ ತುಂಬಿದ್ದಾರೆ. ಹೊರಚಾಚಿದ ಕಾಂಕ್ರೀಟ್ ವರ್ಷಗಟ್ಟಲೆ ನಿಧಾನವಾಗಿ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಸಂದು ಇಲ್ಲದಿದ್ದರೆ ಆ ಭಾರ ಫ್ರೇಮಿನ ಮೇಲೆ ಕೂತು ಶಟರ್ ಸರಿಯುವುದೇ ನಿಲ್ಲುತ್ತೆ. ಗ್ರಿಲ್ ಬೇಕೇ ಬೇಕು ಅಂತ ಎಲ್ಲರದ್ದೂ ಒತ್ತಾಯ. ಸಿಲ್ ತಗ್ಗಾಗಿರುವುದರಿಂದ ಮಕ್ಕಳಿಗೂ ಅದು ಬೇಕಿತ್ತು. ಉದ್ದುದ್ದ ಸರಳು ಹಾಕಿದರೆ ಬೆಟ್ಟ ತುಂಡುತುಂಡಾಗುತ್ತೆ ಅಂತ ಅಡ್ಡಕ್ಕೇ ತೆಳುವಾದ ಸರಳು ಹಾಕಿಸಿ, ಫ್ರೇಮಿನ ಪಟ್ಟಿಗಳ ಹಿಂದೆ ಅವಿತುಕೊಳ್ಳುವ ಹಾಗೆ ಆಸರೆ ಕೊಟ್ಟೆವು. ಮಕ್ಕಳು ಅದನ್ನು ಏಣಿ ಮಾಡಿಕೊಳ್ಳುತ್ತಾರೆ, ನಿಜ. ಬೈಯುತ್ತಿರಬೇಕು.

ಗಾರೆ ಕೆಲಸದಲ್ಲಿ ಒಂದು ವಿಷಯ ಯಾರೂ ಮೊದಲು ಹೇಳಿರಲಿಲ್ಲ. ಮಾಮೂಲಿ ಕಿಟಕಿಯ ಎರಡೂ ಬದಿಗೆ ಗೋಡೆ ಇರುತ್ತೆ, ಮೂಲೆಗಳು ಕತ್ತಲು. ನಮ್ಮದು ಗೋಡೆಯಿಂದ ಗೋಡೆಗೆ. ಬೆಳಕು ಎರಡು ಬದಿಯ ಗೋಡೆಗಳನ್ನು ಸವರಿಕೊಂಡು ಒಳಗೆ ಬರುತ್ತೆ. ಕಾರ್ಬುಸಿಯೆ ಹೇಳಿದ ಬೆಳಕು ಇದೇ. ಬದಿಯ ಗೋಡೆ ಬೆಳಗಿದರೆ ಕಿಟಕಿ ನೋಡುವಾಗ ಕಣ್ಣು ಚುಚ್ಚುವುದಿಲ್ಲ. ಆದರೆ ಹೀಗೆ ಸವರಿಕೊಂಡು ಬರುವ ಬೆಳಕಿನಲ್ಲಿ ಪ್ಲಾಸ್ಟರಿಂಗಿನ ಒಂದೊಂದು ಉಬ್ಬೂ ತಗ್ಗೂ ಎದ್ದು ಕಾಣುತ್ತೆ! ಮೇಸ್ತ್ರಿಯೇ ನೋಡಿ ತಲೆ ಕೆರೆದುಕೊಂಡರು. ಆ ಎರಡು ಗೋಡೆಗಳನ್ನು ಕೆರೆದು, ಪಟ್ಟಿ ಎಳೆದು ಮತ್ತೆ ಮಾಡಿದರು.

ಹಾಲ್‌ನ ಹಿಂಭಾಗಕ್ಕೆ ಬೆಳಕು ಸಾಲದು ಅನ್ನುವುದೂ ನಿಜ. ಕಿಟಕಿಯ ತಲೆ ನೆಲದಿಂದ ಎಷ್ಟು ಎತ್ತರವೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಒಳ್ಳೆಯ ಬೆಳಕು ಹೋಗುತ್ತೆ ಅನ್ನುವುದು ಆರ್ಕಿಟೆಕ್ಟ್‌ಗಳ ಅಂದಾಜು. ನಮ್ಮ ತಲೆ 6 ಅಡಿ. ಹದಿನಾಲ್ಕು ಅಡಿ ದಾಟಿದ ಮೇಲೆ ಮಂಕು. ಎತ್ತರದ ಕಿಟಕಿ ಇದ್ದಿದ್ದರೆ ಬೆಳಕು ಇನ್ನೂ ಒಳಗೆ ಹೋಗುತ್ತಿತ್ತು. ಇಲ್ಲೂ ಪೆರೆಗೆ ಒಂದು ಅಂಕ. ಉತ್ತರದ ವೆಂಟಿಲೇಟರುಗಳು ನಮ್ಮನ್ನು ಕಾಪಾಡಿದವು.

ಗೃಹಪ್ರವೇಶಕ್ಕೆ ಮುಂಚೆ, ಏಪ್ರಿಲ್‌ನಲ್ಲಿ ಗುಡುಗು ಮಳೆ ಬಂತು. ಕೆಳಗಿನ ಟ್ರ್ಯಾಕ್ ತುಂಬಿ ನೀರು ಒಳಗೆ ಸುರಿಯಿತು. 22 ಅಡಿ ಉದ್ದಕ್ಕೂ. ಸಜ್ಜಾದ ತುದಿಯಲ್ಲಿ ನೀರು ಒಳಗೆ ಹರಿಯದ ಹಾಗೆ ಗ್ರೂವ್ ಇತ್ತು, ಸಿಲ್ಲಿನ ಗ್ರಾನೈಟಿಗೆ ಹೊರಕ್ಕೆ ಇಳಿಜಾರೂ ಇತ್ತು. ಮತ್ತೇನು? ಟ್ರ್ಯಾಕಿನಲ್ಲಿ ಬಿದ್ದ ನೀರು ಹೊರಗೆ ಹೋಗಲು ಫ್ರೇಮಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಕಿಟಕಿ ಕೂರಿಸಲು ಬಂದ ಹುಡುಗರು ಫ್ರೇಮಿನ ಸುತ್ತ ಸಿಲಿಕೋನ್ ಹಚ್ಚುವಾಗ ಆ ತೂತುಗಳನ್ನೂ ನೀಟಾಗಿ ಮುಚ್ಚಿದ್ದರು. ಬ್ಲೇಡಿನಿಂದ ಒಂದೊಂದನ್ನೇ ಬಿಡಿಸಿದ ಮೇಲೆ ಸರಿಹೋಯಿತು. ಸವೊಯ್ ಮನೆಯೂ ಸೋರುತ್ತಿತ್ತು. ಆ ಮನೆಯ ಯಜಮಾನಿ ಕಾರ್ಬುಸಿಯೆಗೆ ದೂರಿನ ಪತ್ರಗಳನ್ನೇ ಬರೆದಿದ್ದರು. ಅದರ ಮುಂದೆ ನಮ್ಮದು ಬ್ಲೇಡಿನಲ್ಲಿ ಮುಗಿದ ಕೆಲಸ. ಮಳೆಗಾಲಕ್ಕೆ ಮುಂಚೆ ಒಂದು ಸಲ ಟ್ರ್ಯಾಕ್ ಒರೆಸಿ, ತಂತಿಯಲ್ಲಿ ಆ ತೂತುಗಳನ್ನು ಚುಚ್ಚುವುದು ಈಗ ಮನೆಯ ಕೆಲಸಗಳಲ್ಲಿ ಒಂದು.

ಗೋಡೆ ಹೋದದ್ದರಿಂದ ಬೀರು, ಶೋಕೇಸು, ಅಜ್ಜ-ಅಜ್ಜಿಯ ಫೋಟೋ ಎಲ್ಲ ಉತ್ತರದ ಗೋಡೆಗೆ ಹೋದವು. ಟಿವಿ ಬದಿಯ ಗೋಡೆಗೆ. 22 ಅಡಿ ಪರದೆಯ ರಾಡು ನಡುವೆ ಜೋತುಬೀಳುತ್ತೆ ಅಂತ ಚಾವಣಿಗೇ ಟ್ರ್ಯಾಕ್ ಹಾಕಿಸಿದೆವು. ರಾತ್ರಿ ದೀಪ ಹಾಕಿದರೆ ಪಾರ್ಕಿನವರಿಗೆಲ್ಲ ನಮ್ಮ ಹಾಲ್ ಪೂರ್ತಿ ಕಾಣುತ್ತೆ. ಹಾಗಾಗಿ ಸಂಜೆ ಆದ ಕೂಡಲೇ ಪರದೆ ಎಳೆಯುವುದು ಅಭ್ಯಾಸವಾಗಿದೆ.

ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿರುವವರೊಬ್ಬರು ನಮ್ಮ ಕಿಟಕಿ ನೋಡಿಕೊಂಡು ಹೋದರು. ಅವರ ಮನೆಯ ಕಾಲಂಗಳು ಆಗಲೇ ಎದ್ದು ನಿಂತಿದ್ದವು, ಎಲ್ಲ ಹೊರಗೋಡೆಯ ಗೆರೆಯಲ್ಲೇ. ಎರಡು ಕಿಟಕಿಗಳ ನಡುವಿನ ಕಾಲಂ ಮೇಲೆ ಕರಿ ಟೈಲ್ ಅಂಟಿಸಿದರೆ ದೂರದಿಂದ ಒಂದೇ ಉದ್ದ ಕಿಟಕಿ ಹಾಗೆ ಕಾಣುತ್ತೆ ಅಂತ ಅವರ ಕಂಟ್ರಾಕ್ಟರು ಹೇಳಿದ್ದರಂತೆ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಹೀಗೆ ಮಾಡಿದ ಮನೆಗಳು ಬೇಕಾದಷ್ಟಿವೆ. ರಸ್ತೆಯಲ್ಲಿ ಹೋಗುವವರಿಗೆ ಚೆನ್ನಾಗಿರುತ್ತೆ, ಒಳಗೆ ಕೂತವರಿಗೆ ಏನೂ ಬದಲಾಗಲ್ಲ ಅಂದೆ. ಕಾಲಂ ಇದ್ದಲ್ಲೇ ಇರಲಿ, ಎರಡು ಕಿಟಕಿಯೇ ಆಗಲಿ, ಸಿಲ್ ಮಾತ್ರ ಒಂದಡಿ ಇಳಿಸಿ ತಲೆ ಅರ್ಧ ಅಡಿ ಏರಿಸಿ ಅಂತ ಸಲಹೆ ಕೊಟ್ಟೆ. ಜೊತೆಗೆ, ಕಿಟಕಿಯ ಕೆಳಗಿನ ಗೋಡೆ ಮತ್ತು ಕಾಲಂ ನಡುವೆ ಸಂದು ಬಿಡಬೇಕಾ ಅಂತ ಅವರ ಸ್ಟ್ರಕ್ಚರಲ್ ಇಂಜಿನಿಯರನ್ನು ಒಮ್ಮೆ ಕೇಳಿ ಅಂದೆ. ಟೈಲ್ ವಿಷಯ ಇನ್ನೂ ತೀರ್ಮಾನವಾಗಿಲ್ಲವಂತೆ. ಇಂಜಿನಿಯರ್ ಮಾತ್ರ ಮುಂದಿನ ವಾರ ಸೈಟಿಗೆ ಬರುತ್ತಿದ್ದಾರೆ.